ಗಡಿಪಾರಾದ ಬೀಸುಕಲ್ಲಿನ ಪರವಾಗಿ ಒಂದು ಅಹವಾಲು

ನಮ್ಮ ದ್ವೀಪದ ನ್ಯಾಯಪೀಠದ ಮಾನ್ಯ ಅಧ್ಯಕ್ಷರೇ,

ನನ್ನ ಹೆಂಡತಿ ಮಿರ್ರೀನೆ ಸಮುದ್ರದ ಮೇಲೆ ಸಂಸಾರ ಹೂಡಿ ಇಂದಿಗೆ ಹತ್ತೊಂಬತ್ತು ದಿನ. ದಡದಿಂದ ಮೂವತ್ತು ಮಾರು ಆಚೆ, ಲಂಗರು ಹಾಕಿದ ದೋಣಿಯಲ್ಲಿ ಕೂತು ಅವಳು ಬಾರ್ಲಿ ಬೀಸುತ್ತಿದ್ದಾಳೆ. ಇದಕ್ಕೆ ಕಾರಣ ಕಡಲ ಒಡೆಯ ಪೊಸೈಡನ್ ದೇವರಲ್ಲ, ಕಡಲುಗಳ್ಳರಲ್ಲ, ತಾವು. ಈ ಬಗ್ಗೆ ಮೂರು ಸಲ ಮನವಿ ಕೊಟ್ಟೆ. ತಮ್ಮ ಗುಮಾಸ್ತ ಮೂರನ್ನೂ ಹಾಸಿ ಅವುಗಳ ಮೇಲೆ ಅಂಜೂರ ಒಣಗಿಸಿಕೊಂಡ. ಆದ್ದರಿಂದ ಈಗ ಸಂತೆ ಬಯಲಿನ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದೇನೆ. ಓದು ಬಂದವರು ಓದಲಿ, ಬಾರದವರಿಗೆ ಓದು ಬಂದವರು ಹೇಳಲಿ.

ನಡೆದದ್ದು ಇಷ್ಟು. ನಮ್ಮ ಬೀಸುಕಲ್ಲಿನ ಮೇಲ್ಕಲ್ಲು ಸವೆದಿತ್ತು. ಉಳಿ ಹಿಡಿದು ಅದರ ಮೈ ಒರಟು ಮಾಡಬೇಕೆಂದು ಹೊರಗೆ ತಂದು ಮೆಟ್ಟಿಲಿಗೆ ಒರಗಿಸಿ ಇಡಲಾಗಿತ್ತು. ಹೇರಾ ದೇವಿಯ ಗುಡಿಯ ಹೆಬ್ಬಾತು ದಿನವೂ ನಮ್ಮ ಬಾಗಿಲಿಗೆ ಬಂದು ಕಾಳು ಕದಿಯುವುದು ಊರಿಗೇ ಗೊತ್ತು. ಅಂದೂ ಬಂತು. ಕಲ್ಲಿನ ಹಿಂದೆ ಕತ್ತು ತೂರಿಸಿತು. ಕಲ್ಲು ಉರುಳಿತು. ತನ್ನ ಕಾಳನ್ನು ಕಲ್ಲೇ ಹೊತ್ತುಕೊಂಡು ಓಡುತ್ತಿದೆ ಎಂದುಕೊಂಡಿತೋ ಏನೋ, ಹೆಬ್ಬಾತು ರೆಕ್ಕೆ ಬಿಚ್ಚಿ ಕಿರುಚುತ್ತಾ ಅದನ್ನು ಅಟ್ಟಿಸಿಕೊಂಡು ಹೋಗಿ, ಹನ್ನೊಂದನೆಯ ಮೆಟ್ಟಿಲಲ್ಲಿ ಅದನ್ನು ದಾಟಿ ಮುಂದೆ ನಿಂತಿತು. ನಿಲ್ಲಬಾರದಿತ್ತು.

ಮನುಷ್ಯನನ್ನು ಕೊಂದ ವಸ್ತುವನ್ನು ವಿಚಾರಣೆ ಮಾಡಿ ಗಡಿಯಾಚೆ ಎಸೆಯಬೇಕೆಂಬುದು ಹಿರಿಯರ ಕಟ್ಟಳೆ. ಅದನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಆದರೆ ಹೆಬ್ಬಾತು ಯಾವಾಗಿನಿಂದ ಮನುಷ್ಯನಾಯಿತು? ತಾವು ಅಂದು ಗಡ್ಡ ನೀವಿಕೊಂಡು ಹೇಳಿದಿರಿ: "ಹೆಬ್ಬಾತು ದೇವೀದು. ದೇವಿ ಮನುಷ್ಯರಿಗಿಂತ ದೊಡ್ಡೋಳು. ಹಂಗಾದ್ಮೇಲೆ ಹೆಬ್ಬಾತು ನಮಗಿಂತ ಒಂದು ಕೈ ಮೇಲೇ ಆಯ್ತಲ್ಲ?" ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ಉಳಿದ ಎಂಟು ಮಂದಿ ನ್ಯಾಯಾಧೀಶರೂ ತಲೆಯಾಡಿಸಿದರು. ಒಳ್ಳೆಯದು. ಹಾಗಾದರೆ ನಮಗಿಂತ ಮೇಲಾದ ಆ ಮೃತರ ದೇಹವನ್ನು ಅದೇ ಸಂಜೆ ಬೆಳ್ಳುಳ್ಳಿ ಜಜ್ಜಿ ಹಾಕಿ ಬೇಯಿಸಿ ತಿಂದವರು ಯಾರು, ಸ್ವಾಮಿ? ತಮ್ಮ ಗಡ್ಡಕ್ಕೆ ಅಂಟಿದ್ದ ಎಣ್ಣೆ ಮರುದಿನ ತೀರ್ಪು ಓದುವಾಗಲೂ ಹೊಳೆಯುತ್ತಿತ್ತು.

ಡಂಗೂರದವನು ಕಲ್ಲನ್ನು ಮೂರು ಸಲ ಕೇಳಿದ: "ಕಲ್ಲೇ, ನೀನೇನಂತೀಯ?" ಕಲ್ಲು ಸುಮ್ಮನಿತ್ತು. ಮೌನವೆಂದರೆ ಒಪ್ಪಿಗೆ ಎಂದು ಗಡಿಪಾರಿನ ಶಿಕ್ಷೆಯಾಯಿತು. ದ್ವೀಪಕ್ಕೆ ಗಡಿ ಎಂದರೆ ನೀರು. ಅಂಬಿಗರು ಅದನ್ನು ಆಳ ಸಮುದ್ರಕ್ಕೆ ಒಯ್ಯಬೇಕಿತ್ತು. ಬಿಸಿಲು ಜೋರಿತ್ತೆಂದು ಬಂದರಿನ ಬಾಯಲ್ಲೇ, ಎರಡಾಳು ನೀರಿನಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪವೇ ಕೆಳಗೆ ಅಡಗಿದ್ದ ಬಂಡೆಯ ನೆತ್ತಿಯ ಮೇಲೆ ಕೆಡವಿ ಬಂದರು. ನಾಲ್ಕನೇ ದಿನ ಮೀನು ಹಿಡಿಯಲು ಹೊರಟ ತಮ್ಮ ಸ್ವಂತ ದೋಣಿ ಆ ಕಲ್ಲಿಗೇ ಬಡಿದು ತಳ ಒಡೆದುಕೊಂಡಿತು. ತಾವು ಈಜಿ ದಡಕ್ಕೆ ಬಂದು, ಒದ್ದೆ ಬಟ್ಟೆಯಲ್ಲೇ ದೂರು ಕೊಟ್ಟಿರಿ. ದೂರನ್ನು ಸ್ವೀಕರಿಸಿದವರೂ ತಾವೇ.

ಇಲ್ಲಿಂದ ಮುಂದೆ ಕಟ್ಟಳೆಗೇ ತಲೆ ತಿರುಗಿತು. ಗಡಿಪಾರಾದವನ ಮೇಲೆ ಎರಡನೇ ಅಪರಾಧ ಬಂದರೆ ಅವನು ನೆಲ ಮೆಟ್ಟುವಂತಿಲ್ಲ. ಅವನು ದೋಣಿಯಲ್ಲಿ ನಿಂತು ಉತ್ತರ ಕೊಡಬೇಕು, ತಾವು ದಡದಲ್ಲಿ ಕೂತು ಕೇಳಬೇಕು. ಸರಿ, ಸಮುದ್ರದ ತಳದಿಂದ ಸ್ಪಂಜು ತೆಗೆಯುವ ಎರ್ಗೀನೊಸ್ ಮುಳುಗಿ, ಹಗ್ಗ ಕಟ್ಟಿ ಕಲ್ಲನ್ನು ಮೇಲೆತ್ತಿ ನನ್ನ ದೋಣಿಗೆ ಹಾಕಿದ. "ಅಣ್ಣಾ, ಮೂವತ್ತು ವರ್ಷದಿಂದ ಮುಳುಗ್ತಿದೀನಿ, ಆರೋಪಿನ ಎತ್ತಿದ್ದು ಇದೇ ಮೊದಲು. ಓಡಿಹೋಗೋ ಲಕ್ಷಣ ಏನೂ ಕಾಣಲಿಲ್ಲ ನೋಡು" ಎಂದ.

ಮಿರ್ರೀನೆ ಕಲ್ಲಿನ ಜೊತೆ ತಾನೂ ದೋಣಿ ಹತ್ತಿದಳು. ಶಿಕ್ಷೆಯಾಗದ ಕೆಳಗಲ್ಲನ್ನೂ ಹತ್ತಿಸಿದಳು. ಒಂದು ಚೀಲ ಬಾರ್ಲಿಯನ್ನೂ. ತಾವೆಲ್ಲ ದಡದಲ್ಲಿ ಹಾಯಿಬಟ್ಟೆಯ ನೆರಳಿನಲ್ಲಿ ಕೂತು ಡಂಗೂರದವನಿಂದ ಕೂಗಿಸಿದಿರಿ: "ಕಲ್ಲೇ, ನೀನೇನಂತೀಯ?" ಕಲ್ಲು ಗರಗರ ಬೀಸುತ್ತಿತ್ತು.

"ಅದಕ್ಕೆ ಬಾಯಿಲ್ಲ, ನಿಮಗೆ ಕಿವಿಯಿಲ್ಲ, ಸರಿಹೋಯ್ತು!" ಎಂದು ಮಿರ್ರೀನೆ ಕೂಗಿದಳು. "ಹಸಿವಾದ್ರೆ ಹೇಳಿ, ಹಿಟ್ಟು ಕಳಿಸ್ತೀನಿ!"

ಆರೋಪಿ ಸ್ಪಷ್ಟವಾಗಿ ಉತ್ತರಿಸುವವರೆಗೆ ವಿಚಾರಣೆ ಮುಂದೂಡಲಾಗಿದೆ, ಅಲ್ಲಿಯವರೆಗೆ ಅದು ದಡಕ್ಕೂ ಬರುವಂತಿಲ್ಲ, ಮುಳುಗುವಂತೆಯೂ ಇಲ್ಲ ಎಂದು ತಾವು ಆಜ್ಞೆ ಹೊರಡಿಸಿದಿರಿ. ಕಲ್ಲು ಮಾತಾಡುವುದು ಯಾವಾಗ, ನನ್ನ ಹೆಂಡತಿ ಮನೆಗೆ ಬರುವುದು ಯಾವಾಗ? ಈಗ ಊರಿನ ಹೆಂಗಸರೆಲ್ಲ ಕಾಳು ಹೊತ್ತು ದೋಣಿಯಲ್ಲಿ ಅವಳ ಬಳಿಗೇ ಹೋಗುತ್ತಾರೆ. ಅಲ್ಲಿಂದ ನಗು ಕೇಳಿಸುತ್ತದೆ. ನಾನು ಇಲ್ಲಿ ನನ್ನ ತಾಯಿಯ ಜೊತೆ ಒಣ ಆಲಿವ್ ಕಾಯಿ ಚೀಪುತ್ತಾ ಕೂತಿದ್ದೇನೆ. "ನಿನ್ನಪ್ಪನೂ ಹಿಂಗೇ ಕೈಲಾಗದೋನು ಕಣೋ" ಎಂದು ಅಮ್ಮ ಊಟಕ್ಕೊಮ್ಮೆ ಹೇಳುತ್ತಾಳೆ, ಊಟವಿಲ್ಲದಾಗಲೂ ಹೇಳುತ್ತಾಳೆ.

ನಿನ್ನೆ ನಾನು ಎದೆಮಟ್ಟದ ನೀರಿಗಿಳಿದು ಕರೆದೆ. "ಮಿರ್ರೀನೆ, ಸಾಕು ಬಾರೇ. ಕಲ್ಲು ಅಲ್ಲೇ ಇರ್ಲಿ, ನೀನು ಬಾ."

"ಅಜ್ಜಿ ಕೊಟ್ಟ ಕಲ್ಲದು. ಒಂಟಿಯಾಗಿ ಬಿಟ್ಟು ಬರಲ್ಲ. ಒಂದ್ಮಾತು ಕೇಳ್ತೀನಿ ಹೇಳಿ. ಮೊದಲನೇ ವಿಚಾರಣೇಲಿ ಮೂರು ಸಲ ಕೇಳಿದ್ರಲ್ಲ, ಆಗ ನೀವೆಲ್ಲಿದ್ರಿ?"

"ಅಲ್ಲೇ ಇದ್ನಲ್ಲೇ."

"ಹೂಂ. ಕಲ್ಲಿನ ಪಕ್ಕ ಇನ್ನೊಂದು ಕಲ್ಲಾಗಿ ನಿಂತಿದ್ರಿ."

ಅಧ್ಯಕ್ಷರೇ, ಇಷ್ಟು ಹೊತ್ತು ತಮ್ಮನ್ನು ಬೈದೆ. ಅದರಲ್ಲಿ ಒಂದಕ್ಷರವನ್ನೂ ಅಳಿಸುವುದಿಲ್ಲ. ಆದರೆ ಆ ಕಲ್ಲನ್ನು ಮೆಟ್ಟಿಲಿಗೆ ಒರಗಿಸಿದ್ದು ನಾನು. "ಅಲ್ಲಿಡಬೇಡಿ, ಉರುಳತ್ತೆ, ಒಳಗಿಡಿ" ಎಂದು ಅವಳು ಎರಡು ಸಲ ಹೇಳಿದ್ದಳು. ಆಮೇಲೆ ಇಡೋಣವೆಂದು ನಾನು ದ್ರಾಕ್ಷಾರಸ ಕುಡಿಯಲು ಎದ್ದು ಹೋದೆ. ಇದು ಅವಳಿಗೆ ಗೊತ್ತಿತ್ತು. ನಾನೇ ಹೇಳಲೆಂದು ಕಾದಳು. ತಮ್ಮ ಪೀಠಕ್ಕೆ ಹೆದರಿ ನಾನು ಹೇಳಲಿಲ್ಲ. ಕಲ್ಲಿಗೆ ಬಾಯಿರಲಿಲ್ಲ. ನನಗಿತ್ತು. ನಾಚಿಕೆಯಾಗುತ್ತಿದೆ.

ಆದ್ದರಿಂದ ನನ್ನ ಬೇಡಿಕೆ: ತೀರ್ಪಿನಲ್ಲಿ ಕಲ್ಲಿನ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆಯಿರಿ. ತಮ್ಮ ದೋಣಿಯ ತಳವನ್ನೂ ನನ್ನ ಲೆಕ್ಕಕ್ಕೇ ಸೇರಿಸಿ. ಕಲ್ಲು ಮರ್ಯಾದೆಯಿಂದ ಮನೆಗೆ ಬರಲಿ, ಅದರ ಹಿಂದೆ ಅವಳೂ ಬರುತ್ತಾಳೆ. ಖಾಲಿಯಾದ ದೋಣಿಯಲ್ಲಿ ನಾನು ಕೂರುತ್ತೇನೆ. ಇನ್ನೊಂದೇ ಒಂದು ಕೋರಿಕೆ ಇದೆ. ದಿನಕ್ಕೊಂದು ರೊಟ್ಟಿ ಕಳಿಸೆಂದು ಅವಳನ್ನು ಕೇಳಲು ನನಗೆ ಮುಖವಿಲ್ಲ. ಅದನ್ನು ದಯವಿಟ್ಟು ನ್ಯಾಯಪೀಠವೇ ಆಜ್ಞೆ ಮಾಡಬೇಕು.

ಇಂತಿ,
ಕೇಳಿದಾಗ ಬಾಯಿಬಿಡದೆ ಈಗ ಗೋಡೆ ತುಂಬ ಬರೆಯುತ್ತಿರುವ
ಪರ್ಮೆನಿಸ್ಕೊಸ್