ಕಿವಿ ತೆರೆಯುವ ಒಂದು ತಾಸು

ಗಿರಣಿ ಚಾಳ, ಹುಬ್ಬಳ್ಳಿ
ಬಿಡುವಿನ ತಿಂಗಳ ಮೂವತ್ತನಾಲ್ಕನೆಯ ದಿನ, ೨೧೯೩, ಮಧ್ಯಾಹ್ನ

ನನಗಿಂತ ಬಹಳ ಹಿಂದೆ ಬದುಕುತ್ತಿರುವ ಹಿರಿಯರಿಗೆ, ಅಕ್ಕನಾಗಮ್ಮ ಹೊಸಮನಿ ಕೈಮುಗಿದು ಬರೆಯುವುದು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದ ಮಡಚಿಡಬೇಡಿ. ನಿಮ್ಮ ಏಪ್ರಿಲ್ ಮೇ ತಿಂಗಳುಗಳಿಂದ ಒಂದಷ್ಟು ದಿನ ಕಿತ್ತುಕೊಂಡು ನಾವು ಹದಿಮೂರನೆಯ ತಿಂಗಳೊಂದನ್ನು ಮಾಡಿಕೊಂಡಿದ್ದೇವೆ. ಆಗಿನ ಬಿಸಿಲಲ್ಲಿ ಯಾರಿಂದಲೂ ಕೆಲಸ ಮಾಡಲು ಆಗುವುದಿಲ್ಲ, ಆದ್ದರಿಂದ ಅದಕ್ಕೆ ಬಿಡುವಿನ ತಿಂಗಳು ಎಂದು ಹೆಸರು. ನನ್ನ ಕಾಗದದಲ್ಲಿ ಇಂಥ ವಿಚಿತ್ರ ಮಾತುಗಳು ಇನ್ನೂ ಬರುತ್ತವೆ. ಬಂದಬಂದಲ್ಲೇ ಬಿಡಿಸಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿನ್ನಡೆ ಅಂಚೆಯಲ್ಲಿ ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ನಮ್ಮ ಪಕ್ಕದ ಮನೆಯವರು ತಮ್ಮದನ್ನು ಕೆಂಪು ಮೆಣಸಿನಕಾಯಿ ಚಟ್ನಿ ಮಾಡುವುದು ಹೇಗೆಂದು ಕೇಳಲು ಖರ್ಚು ಮಾಡಿದರು. ನಾನು ನನ್ನದನ್ನು ಒಂದು ಫುಟ್ಬಾಲ್ ಪಂದ್ಯಕ್ಕಾಗಿ ಖರ್ಚು ಮಾಡುತ್ತಿದ್ದೇನೆ. ಯಾರಿಗೆ ಹೆಚ್ಚು ಬುದ್ಧಿಯಿತ್ತೋ ನೀವೇ ಹೇಳಬೇಕು.

ನಾನು ನೆರಳುಗಾರ್ತಿ. ನಮ್ಮ ಬೀದಿಗಳ ಮೇಲೆಲ್ಲ ದಪ್ಪ ಬಟ್ಟೆಯ ಚಪ್ಪರ ಇರುತ್ತದೆ. ಅದು ಹರಿದರೆ ಏಣಿ ಹಾಕಿ ಹೊಲಿಯುವುದು, ಅದರ ಮೇಲೆ ಬೀದಿಯ ಹೆಸರು ಬರೆಯುವುದು ನನ್ನ ಕೆಲಸ. ಹಾಗಾಗಿ ನನಗೆ ಕೈಯಿಂದ ಬರೆಯಲು ಬರುತ್ತದೆ. ನಮ್ಮ ವಾರಿಗೆಯವರಲ್ಲಿ ಹತ್ತರಲ್ಲಿ ಒಬ್ಬರಿಗೂ ಅದು ಬಾರದು. ಹುಟ್ಟಿದ ಊರು ಧಾರವಾಡ, ಮದುವೆಯಾಗಿ ಹುಬ್ಬಳ್ಳಿಗೆ ಬಂದು ಇಪ್ಪತ್ತೆಂಟು ವರ್ಷ. ನನ್ನ ಒಬ್ಬನೇ ಅಣ್ಣ ಗುರುಶಾಂತ ಇನ್ನೂ ಧಾರವಾಡದ ಮಾಳಮಡ್ಡಿಯಲ್ಲೇ ಇದ್ದಾನೆ. ನಾಳೆ ಬೆಳಿಗ್ಗೆ ಎರಡೂ ಊರುಗಳ ತಂಡಗಳಿಗೆ ಪ್ಲೇಆಫ್ ಪಂದ್ಯ. ಗೆದ್ದವರು ಒಂದು ವರ್ಷದ ಮಟ್ಟಿಗೆ ಮೇಲಿನ ಲೀಗಿಗೆ ಹೋಗುತ್ತಾರೆ, ಸೋತವರು ಇಲ್ಲೇ ಬಿದ್ದಿರುತ್ತಾರೆ, ಮರುವರ್ಷ ಮತ್ತೆ ಇದೇ ಪಂದ್ಯ. ಆದರೆ ನನಗೆ ಚಿಂತೆ ಹತ್ತಿರುವುದು ಪಂದ್ಯಕ್ಕಾಗಿ ಅಲ್ಲ, ಪಂದ್ಯಕ್ಕೆ ಮೊದಲಿನ ಒಂದು ತಾಸಿಗಾಗಿ.

ಇಲ್ಲಿ ಸೋಸುಗದ ವಿಷಯ ಹೇಳಬೇಕು. ಅದು ಜೋಳದ ಕಾಳಿನಷ್ಟು ದೊಡ್ಡ ಯಂತ್ರ, ಎರಡೂ ಕಿವಿಯೊಳಗೆ ಇರುತ್ತದೆ. ಒಬ್ಬರು ಇನ್ನೊಬ್ಬರಿಗೆ ಏನಾದರೂ ಚುಚ್ಚಿ ಆಡಿದರೆ ಆ ಮಾತನ್ನು ಸೋಸಿ, ಅವರದೇ ದನಿಯಲ್ಲಿ ಮೆತ್ತಗಿನ ಮಾತೊಂದನ್ನು ಕೇಳಿಸುತ್ತದೆ. ನನ್ನ ಅಜ್ಜಿಯ ಕಾಲದಲ್ಲಿ ಮಾತಿಗೆ ಮಾತು ಬೆಳೆದು ಊರೂರುಗಳಲ್ಲಿ ಗಲಭೆಗಳಾದವು, ಜನ ಸತ್ತರು. ಆಮೇಲೆ ನೆಮ್ಮದಿ ಮಂಡಳಿ ಎಂಬುದು ಹುಟ್ಟಿತು, ಮೂರು ವರ್ಷ ತುಂಬಿದ ಮಗುವಿಗೂ ಸೋಸುಗ ಕಡ್ಡಾಯವಾಯಿತು. ಅದಕ್ಕೆ ಬೀಗವಿದೆ, ಮನಸ್ಸಿಗೆ ಬಂದಾಗ ತೆಗೆಯುವಂತಿಲ್ಲ. ಸುಳ್ಳೇಕೆ ಹೇಳಲಿ, ಅದರಿಂದ ಒಳ್ಳೆಯದೂ ಆಗಿದೆ. ಬೀದಿಯಲ್ಲಿ ಹೊಡೆದಾಟ ನಿಂತಿದೆ. ನಾನೂ ನನ್ನ ಅತ್ತೆಯೂ ಹದಿನೆಂಟು ವರ್ಷ ಒಂದೇ ಅಡುಗೆಮನೆಯಲ್ಲಿ ಒಂದು ದಿನವೂ ಜಗಳವಾಡಲಿಲ್ಲ. ಅವರು ತೀರಿಕೊಂಡ ದಿನ, ಅವರಿಗೆ ನನ್ನ ಮೇಲೆ ಪ್ರೀತಿ ಇತ್ತೋ ಇಲ್ಲವೋ ನನಗೆ ಗೊತ್ತೇ ಇಲ್ಲವೆಂದು ಹೊಳೆದು, ಹೆಣದ ಮುಂದೆ ಪೆಚ್ಚಾಗಿ ಕುಳಿತಿದ್ದೆ.

ವರ್ಷಕ್ಕೆ ಒಂದೇ ಒಂದು ತಾಸು ಈ ಬೀಗ ತೆರೆಯುತ್ತದೆ. ಪ್ಲೇಆಫ್‌ನ ದಿನ ಬೆಳಿಗ್ಗೆ ಐದೂವರೆಗೆ, ಎರಡೂ ಊರುಗಳ ನಡುವಿನ ನವನಗರದಲ್ಲಿ ಸುಣ್ಣದ ಗೆರೆ ಎಳೆಯುತ್ತಾರೆ. ಈಚೆ ಹುಬ್ಬಳ್ಳಿಯವರು, ಆಚೆ ಧಾರವಾಡದವರು. ಕಹಳೆ ಊದಿದ ಕೂಡಲೇ ಎಲ್ಲರೂ ಸೋಸುಗ ತೆಗೆದು ಕೊರಳಿನ ಹಸಿರು ದಾರಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಆಮೇಲೆ ಒಂದು ತಾಸು ಒಬ್ಬರನ್ನೊಬ್ಬರು ಬಾಯಿತುಂಬ ಕೆಣಕಬಹುದು. ಒಂದೊಂದು ಕಡೆ ಹನ್ನೊಂದು ಮಂದಿ ಕೆಣಕಾಳುಗಳು ಮುಂದೆ ನಿಂತು ಸರದಿಯ ಮೇಲೆ ಶುರುಮಾಡುತ್ತಾರೆ, ಹಿಂದಿನವರು ದನಿಗೂಡಿಸುತ್ತಾರೆ. "ನಿಮ್ಮ ಹುಡುಗರು ಬಾಲ್ ಹತ್ರ ಬಂದ್ರೂ ಚಹಾ ಆತೇನ್ರಿ ಅಂತ ಕೇಳ್ಕೋತ ನಿಂದರತಾರ!" ಎಂದು ನಾವು. "ನಿಮ್ಮವರು ಗೋಲ್ ಹೊಡಿಯೂಕಿಂತ ಮದಲ ಗೋಲ್‌ಕೀಪರ್ ಜೋಡಿ ಚೌಕಾಸಿ ಮಾಡತಾರ!" ಎಂದು ಅವರು. ನಿಮಗೆ ಇದು ದಿನಬೆಳಗಾದರೆ ಕೇಳುವ ಮಾತಿರಬಹುದು. ನಮ್ಮಲ್ಲಿ ಇದನ್ನು ಕೇಳಲು ಮುದುಕರು ಗಾಲಿಕುರ್ಚಿಯಲ್ಲಿ ಬರುತ್ತಾರೆ.

ಅಣ್ಣನೂ ನಾನೂ ಗೆರೆಯ ಎರಡು ಕಡೆಯ ಕೆಣಕಾಳುಗಳು, ಹನ್ನೊಂದು ವರ್ಷದಿಂದ. ಮಿಕ್ಕ ದಿನ ಅವನ ಬಾಯಿಂದ ನನಗೆ ಕೇಳುವುದು "ಆರಾಮ ಇದ್ದೀಯೇನವಾ" ಎಂಬುದೊಂದೇ. ಆ ತಾಸಿನಲ್ಲಿ ಮಾತ್ರ "ಏ ನಾಗಿ, ಹುಬ್ಬಳ್ಳಿ ಧೂಳಾಗ ನಿನ್ನ ಮಾರಿ ಯಾವ್ದು, ಬೆನ್ನ ಯಾವ್ದು ತಿಳೀವಲ್ತು!" ಎಂದು ಕೂಗುತ್ತಿದ್ದ. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಇಡೀ ವರ್ಷಕ್ಕೆ ನನಗೆ ಅಣ್ಣ ಸಿಗುತ್ತಿದ್ದುದು ಅಷ್ಟೇ ಹೊತ್ತು.

ಹೋದ ವರ್ಷ ನಾನೇ ಅದನ್ನು ಹಾಳುಮಾಡಿದೆ. ಅಣ್ಣ ಹದಿನೆಂಟರ ಪ್ರಾಯದಲ್ಲಿ ಧಾರವಾಡದ ಪರವಾಗಿ ಇದೇ ಪ್ಲೇಆಫ್ ಆಡಿದ್ದ, ಕೊನೆಯ ಪೆನಾಲ್ಟಿಯನ್ನು ಗೋಲಿನ ಮೇಲಿಂದ ಹಾರಿಸಿಬಿಟ್ಟಿದ್ದ. ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ನಾನು ಅದನ್ನೇ ಹಿಡಿದು ಒಂದು ಕೆಣಕು ಕಟ್ಟಿದೆ. "ಗುರುಶಾಂತಣ್ಣಾ, ನೀ ಒದ್ದ ಪೆನಾಲ್ಟಿ ಇನ್ನೂ ಹಾರಾಕತ್ತೈತಿ! ಕೆಳಗ ಬಿದ್ದೀತಂತ ಅಪ್ಪ ಸಾಯೂ ತನಕ ಆಕಾಶ ನೋಡಿಕೋತ ಕುಂತಿದ್ದ!" ಮನೆಯಲ್ಲಿ ಗಂಡನ ಮುಂದೆ ನಾಲ್ಕು ದಿನ ಅಭ್ಯಾಸ ಮಾಡಿದೆ. ಅವರ ಕಿವಿಯಲ್ಲಿ ಸೋಸುಗವಿತ್ತು. "ನಿನ್ನ ಚೆಂಡು ಎತ್ತರಕ್ಕೆ ಹೋಗುತ್ತದೆ, ಅಪ್ಪ ನಿನ್ನನ್ನು ನೆನೆಯುತ್ತಿದ್ದರು" ಎಂಬಂತೇನೋ ಕೇಳಿಸಿತಂತೆ. "ಭಾಳ ಚಂದ ಐತಿ" ಅಂದರು. ನನ್ನ ಕಿವಿಯಲ್ಲೂ ಸೋಸುಗ, ನನ್ನ ಮಾತು ನನಗೂ ಹಾಗೇ ಮೆತ್ತಗೆ ಕೇಳಿತು. ಇಂಥ ದಡ್ಡತನ ನಮ್ಮ ಕಾಲದವರು ಮಾತ್ರ ಮಾಡಲು ಸಾಧ್ಯ. ನವನಗರದಲ್ಲಿ, ತೆರೆದ ಕಿವಿಗೆ, ನನ್ನ ಬಾಯಿಂದ ಆ ಮಾತು ಬಿದ್ದಾಗಲೇ ಅದು ಎಂಥದೆಂದು ನನಗೆ ಗೊತ್ತಾಗಿದ್ದು. ನಮ್ಮವರು ಹೋ ಎಂದು ನಕ್ಕರು. ಅಣ್ಣ ದಾರದಿಂದ ಸೋಸುಗ ತೆಗೆದು ಮತ್ತೆ ಕಿವಿಗೆ ಹಾಕಿಕೊಂಡು, ಪಂದ್ಯವನ್ನೂ ನೋಡದೆ ಮನೆಗೆ ನಡೆದ.

ಆಮೇಲೆ ಕ್ಷಮೆ ಕೇಳಲಿಲ್ಲವೇ ಎನ್ನುತ್ತೀರಿ. ನಾಲ್ಕು ಸಲ ಮಾಳಮಡ್ಡಿಗೆ ಹೋದೆ. ಆದರೆ ಕ್ಷಮೆ ಕೇಳಬೇಕಾದರೆ ನೋವಾದ ಮಾತನ್ನು ಮತ್ತೆ ಎತ್ತಬೇಕಲ್ಲ. ಎತ್ತಿದ ಕೂಡಲೇ ಸೋಸುಗ ಅದನ್ನೂ ಸೋಸುತ್ತದೆ. ನಾನು ಕಣ್ಣಲ್ಲಿ ನೀರು ತಂದುಕೊಂಡು ಪೆನಾಲ್ಟಿ, ಅಪ್ಪ, ನನ್ನ ತಪ್ಪು ಎಂದು ಹೇಳಿದರೆ ಅಣ್ಣನಿಗೆ "ಪಂಚಮಿಗೆ ಮನೆಗೆ ಬಾ" ಎಂದು ಕೇಳಿಸಿತು. ಪಂಚಮಿಗೆ ಬಂದ ಕೂಡ. ಉಂಡಿ ತಿಂದ, "ಆರಾಮ ಇದ್ದೀಯೇನವಾ" ಅಂದ, ಹೋದ. ಬರೆದುಕೊಡೋಣವೆಂದರೆ ಅವನಿಗೆ ಕೈಬರಹ ಓದಲು ಬಾರದು. ಬೇರೆಯವರು ಓದಿ ಹೇಳಿದರೆ ಮತ್ತೆ ಅದೇ ಸೋಸುಗ.

ಈಗ ನನ್ನ ಭಯ ಏನೆಂದರೆ, ನೆಮ್ಮದಿ ಮಂಡಳಿಯವರು ಹೋದ ವರ್ಷ ಅಣ್ಣ ಎದ್ದುಹೋದದ್ದನ್ನು ಬರೆದುಕೊಂಡಿದ್ದಾರೆ. ನಾಳೆ ಆ ತಾಸು ಮುಗಿಯುವುದರೊಳಗೆ ಒಬ್ಬನೇ ಒಬ್ಬ ಮನುಷ್ಯ ನೊಂದು ಗೆರೆ ಬಿಟ್ಟುಹೋದರೂ, ಮುಂದೆ ಎಂದೂ ಕಿವಿ ತೆರೆಯಲು ಬಿಡುವುದಿಲ್ಲವೆಂದು ಡಂಗುರ ಸಾರಿದ್ದಾರೆ. ಹಾಗಾದರೆ ನನಗೂ ಅಣ್ಣನಿಗೂ ನಡುವೆ ಸಾಯುವ ತನಕ ಆ ಮೆತ್ತಗಿನ ದನಿಯೊಂದೇ ಉಳಿಯುತ್ತದೆ. ಅವನು ನಾಳೆ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ ಒಂದು ದುಃಖ. ಬಂದು, ನನ್ನ ಬಾಯಿಂದ ಮತ್ತೇನೋ ಬಿದ್ದು, ಮತ್ತೆ ಎದ್ದುಹೋದರೆ? ಹನ್ನೆರಡು ಕೆಣಕುಗಳನ್ನು ಬರೆದಿಟ್ಟುಕೊಂಡಿದ್ದೇನೆ. ಒಂದೊಂದನ್ನೂ ಓದಿ ಓದಿ, ಯಾವುದು ನಗಿಸುತ್ತದೆ, ಯಾವುದು ಇರಿಯುತ್ತದೆ ಎಂದು ತಿಳಿಯದೆ ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದೇನೆ. ನೀವು ದಿನವೂ ತೆರೆದ ಕಿವಿಯಲ್ಲಿ ಬದುಕಿದವರು. ಎಲ್ಲಿಗೆ ನಿಲ್ಲಿಸಬೇಕೆಂದು ನಿಮಗೆ ಹೇಗೆ ಗೊತ್ತಾಗುತ್ತಿತ್ತು? ಯಾರು ಕಲಿಸುತ್ತಿದ್ದರು? ನಿಮ್ಮ ಉತ್ತರ ನನಗೆ ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಮೂವತ್ತೈದನೆಯ ದಿನ, ಬೆಳಿಗ್ಗೆ, ನವನಗರ ಮೈದಾನದ ಮೆಟ್ಟಿಲುಗಳ ಮೇಲೆ

ಕಿವಿ ತೆರೆದ ತಾಸು ಇನ್ನೂ ಮುಗಿದಿಲ್ಲ, ಆಟಗಾರರು ಮೈ ಕಾಯಿಸಿಕೊಳ್ಳುತ್ತಿದ್ದಾರೆ. ತಂಡಗಳು ಸಾಲುಗಟ್ಟುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ಅಣ್ಣ ಬಂದಿದ್ದ. ಗೆರೆಯ ಆಚೆ, ಕೆಣಕಾಳುಗಳ ಸಾಲಿನ ಕೊನೆಯಲ್ಲಿ, ಬಿಳಿ ಟೊಪ್ಪಿಗೆ ಹಾಕಿಕೊಂಡು ನಿಂತಿದ್ದ. ಕಹಳೆ ಊದಿದರು. ಎಲ್ಲರೂ ಸೋಸುಗ ತೆಗೆದರು. ಒಮ್ಮೆಗೇ ಊರಿನ ಗದ್ದಲವೆಲ್ಲ ಕಿವಿಗೆ ನುಗ್ಗಿತು, ಚಪ್ಪಲಿಯ ಸದ್ದೂ ಒರಟಾಗಿ ಕೇಳಿತು. ಅಣ್ಣನ ಕೊರಳಲ್ಲಿ ಹಸಿರು ದಾರ ಖಾಲಿಯಾಗಿತ್ತು. ಅವನು ಸೋಸುಗ ತೆಗೆದಿರಲಿಲ್ಲ. ಬಂದಿದ್ದಾನೆ, ಆದರೆ ನನ್ನ ಮಾತು ಕೇಳಲು ಬಂದಿಲ್ಲ ಎಂದು ನನಗೆ ಅರ್ಥವಾಯಿತು. ಅವನ ಪಕ್ಕದಲ್ಲೇ ಮಂಡಳಿಯ ಇಬ್ಬರು ಕೈಯಲ್ಲಿ ಹಲಗೆ ಹಿಡಿದು ಬರೆದುಕೊಳ್ಳುತ್ತಾ ನಿಂತಿದ್ದರು.

ಜನ ಅಂಜಿಕೊಂಡೇ ಕೆಣಕುತ್ತಿದ್ದರು. ನಮ್ಮವರು ಅವರ ಗೋಲ್‌ಕೀಪರನ ಹೊಟ್ಟೆಯ ಮಾತೆತ್ತಿ, ಮರುಕ್ಷಣವೇ "ಹೊಟ್ಟಿ ಇದ್ರ ಛಲೋನ ಬಿಡ್ರಿ" ಎಂದು ಸೇರಿಸಿದರು. ಅವರ ಕಡೆಯ ಒಬ್ಬ ನಮ್ಮನ್ನು ಬೈಯಲು ಬಾಯಿ ತೆರೆದು, ಮಂಡಳಿಯವರ ಕಡೆ ನೋಡಿ, ಕೆಮ್ಮಿ ಸುಮ್ಮನಾದ. ಹೀಗೇ ನಡೆದಿದ್ದರೆ ಈ ತಾಸನ್ನು ಮಂಡಳಿ ಮುಚ್ಚುವುದೇನೂ ಬೇಕಾಗಿರಲಿಲ್ಲ, ನಾವೇ ಮುಚ್ಚುತ್ತಿದ್ದೆವು. ನನ್ನ ಸರದಿ ಬಂತು. ಬರೆದಿಟ್ಟ ಹನ್ನೆರಡರಲ್ಲಿ ಒಂದೂ ನೆನಪಾಗಲಿಲ್ಲ. ನೆನಪಾದದ್ದು ಬೇರೆಯೇ. ಒಮ್ಮೆ ನಾನು ರೊಟ್ಟಿ ಸುಟ್ಟು ನನ್ನನ್ನೇ ಬೈದುಕೊಂಡಾಗ ಗಂಡ ಕೇಳಿ ನಕ್ಕಿದ್ದರು, ಮೆತ್ತಗಿನ ಮಾತಿಗೆ ಯಾರೂ ಹಾಗೆ ನಗುವುದಿಲ್ಲ. ಸೋಸುಗ ಸೋಸುವುದು ಇನ್ನೊಬ್ಬರಿಗೆ ಚುಚ್ಚಿದ್ದನ್ನು. ಮನುಷ್ಯ ತನ್ನನ್ನೇ ಬೈದುಕೊಂಡರೆ ಅದನ್ನು ಹಾಗೇ ಬಿಡುತ್ತದೆ.

ನಾನು ಗಂಟಲು ಹರಿಯುವಂತೆ ಕೂಗಿದೆ. "ಕೇಳ್ರಿಪಾ ಧಾರವಾಡದವರ! ಹುಬ್ಬಳ್ಳಿಗಿ ಬಂದು ಇಪ್ಪತ್ತೆಂಟು ವರ್ಷ ಆತು, ಆಫ್‌ಸೈಡ್ ಅಂದ್ರ ಏನಂತ ನನಗ ಇವತ್ತಿಗೂ ಗೊತ್ತಿಲ್ಲ! ಮಂದಿ ಎದ್ರ ಏಳತೀನಿ, ಕುಂತ್ರ ಕೂಡತೀನಿ! ನನ್ನಂಥಾ ಬಾಯಿಬಡಕಿನ್ನ ಹಿಡಕೊಂಡು ಬಂದು ಮುಂದ ನಿಂದರಿಸ್ಯಾರ! ಹೋದ ವರ್ಷ ನಾ ಬಾಯಿ ತಗದಿದ್ದಷ್ಟ ಖರೆ, ಒಳಗ ತಲಿನ ಇರಲಿಲ್ಲ! ಕಿವಿ ಮುಚ್ಚಿಕೊಂಡು ಮಾತು ಕಲತಾಕಿ ನಾ, ನನ್ನ ಮಾತು ನನಗ ಕೇಳಲಿಲ್ಲ! ಕೇಳೂದರಾಗ ಒಂದು ವರ್ಷ ಹೋತು!"

ಎರಡೂ ಕಡೆಯವರು ನಕ್ಕರು. ನಾನು ಅಣ್ಣನನ್ನೇ ನೋಡುತ್ತಿದ್ದೆ. ಅವನು ನಗಲಿಲ್ಲ. ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಮಂಡಳಿಯವನ ಕೈ ಹಲಗೆಯ ಮೇಲೆ ಹೋಯಿತು. ಅಣ್ಣ ಪಕ್ಕದವನಿಗೆ ದಾರಿ ಕೊಡಲು ಸರಿದಿದ್ದನಷ್ಟೇ. ಆಮೇಲೆ ಕೈಯೆತ್ತಿ, ಒಂದಾದ ಮೇಲೊಂದು, ಎರಡೂ ಕಿವಿಯ ಸೋಸುಗ ತೆಗೆದ. ದಾರಕ್ಕೆ ಸಿಕ್ಕಿಸದೆ ಜೇಬಿಗೆ ಹಾಕಿಕೊಂಡ. ಗೆರೆಯ ತನಕ ಬಂದು ನಿಂತ.

"ಏ ನಾಗೀ! ಆ ಪೆನಾಲ್ಟಿ ಒದಿಯೂಕಿಂತ ಮದಲ ನನ್ನ ಬೂಟಿನ ದಾರ ಕಟ್ಟಿದಾಕಿ ಯಾರ? ಹನ್ನೊಂದು ವರ್ಷದ ಕೂಸು ನೀನ ಕಟ್ಟಿದ್ದಿ! ಬಾಲ್ ಜೋಡಿ ಬೂಟೂ ಹಾರಿ ಹೋತು, ಅಪ್ಪ ಆಕಾಶ ನೋಡತಿದ್ದದ್ದು ಬೂಟಿನ ಸಲುವಾಗಿ!"

ನಾನು ಕಟ್ಟಿದ್ದೆ. ಎರಡು ಗಂಟು ಹಾಕಿದ್ದೆ, "ಅಣ್ಣಾ, ಗೋಲ್ ಹೊಡಿ" ಎಂದಿದ್ದೆ. ನಲವತ್ತೊಂದು ವರ್ಷ ನನಗೆ ಅದು ಮರೆತೇಹೋಗಿತ್ತು, ಅವನಿಗೆ ಮರೆತಿರಲಿಲ್ಲ. ಬೂಟು ಹಾರಿದ್ದು ಮಾತ್ರ ಹಸಿ ಸುಳ್ಳು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ, ನಕ್ಕುಬಿಟ್ಟೆ, ಯಾವುದು ಮೊದಲೋ ತಿಳಿಯದು. ಮಂಡಳಿಯವರು ಅದನ್ನು ಯಾವ ಖಾನೆಯಲ್ಲಿ ಬರೆದುಕೊಂಡರೋ ದೇವರೇ ಬಲ್ಲ. ಅವರ ತೀರ್ಮಾನ ಬರಲು ಇನ್ನೂ ಎಂಟು ದಿನ. ಮುಂದಿನ ವರ್ಷ ಈ ತಾಸು ಇರುತ್ತದೋ ಇಲ್ಲವೋ ಎಂಬ ಹೆದರಿಕೆ ನನ್ನನ್ನು ಬಿಟ್ಟಿಲ್ಲ.

ತಂಡಗಳು ಸಾಲುಗಟ್ಟುತ್ತಿವೆ, ಮತ್ತೆ ಕಿವಿಗೆ ಬೀಗ ಬೀಳಲು ಎರಡು ನಿಮಿಷವಿದೆ. ಅಣ್ಣ ಆಚೆಯ ಮೆಟ್ಟಿಲುಗಳಿಂದ ಇನ್ನೂ ಏನೋ ಕೂಗುತ್ತಿದ್ದಾನೆ. ಕೇಳಬೇಕು, ಬರೆಯುವುದನ್ನು ನಿಲ್ಲಿಸುತ್ತೇನೆ. ನಿಮ್ಮ ಕಾಲದಲ್ಲಿ ಎಂದಾದರೂ ಯಾರಾದರೂ ಮನೆಬಾಗಿಲಿಗೆ ಬಂದು, ನೋವಿನ ಮಾತು ಕೇಳಿಸದಂತೆ ಮಾಡುತ್ತೇವೆ ಎಂದರೆ, ಬಾಗಿಲು ಹಾಕಿಕೊಳ್ಳಿ. ಎದುರು ತಂಡಕ್ಕೆ ಜೈ ಅನ್ನುವ ಅಣ್ಣನೋ ಅಕ್ಕನೋ ನಿಮಗಿದ್ದರೆ ಇವತ್ತೇ ಹೋಗಿ ಕೆಣಕಿ. ಅವರು ತಿರುಗಿ ಬೈದರೆ ಕೊನೆಯ ಮಾತಿನ ತನಕ ಕೇಳಿಸಿಕೊಳ್ಳಿ.

ಧಾರವಾಡದ ಮಗಳು, ಹುಬ್ಬಳ್ಳಿಯ ಸೊಸೆ,
ಅಕ್ಕನಾಗಮ್ಮ