ಕತ್ತರಿಸಿದ ಸಿಮ್ಮಿನ ಬಾಕಿದಾರ

ಮಾನ್ಯ ಕುಂದುಕೊರತೆ ಅಧಿಕಾರಿಗಳೇ,

ನಿಮ್ಮ ಫೋನ್ ಕಂಪನಿಗೆ ನಾನು ಬಿಡಿಗಾಸೂ ಬಾಕಿ ಇಲ್ಲ. ಆದರೂ ನಾನು ಬಾಕಿ ಉಳಿಸಿಕೊಂಡವನೆಂದು ಬ್ಯಾಂಕುಗಳಿಗೆಲ್ಲ ಸಾರಿದ್ದೀರಿ. ಅದರಿಂದ ನನ್ನ ತಂಗಿ ಮಾನಸಾಳ ಓದಿನ ಸಾಲ ತಿರಸ್ಕೃತವಾಗಿದೆ. ತುಮಕೂರಿನ ನರ್ಸಿಂಗ್ ಕಾಲೇಜಿನಲ್ಲಿ ಅವಳಿಗೆ ಸಿಕ್ಕ ಸೀಟು ಈ ತಿಂಗಳ ಕೊನೆಯವರೆಗೆ ಮಾತ್ರ ಅವಳದು. ನನ್ನ ಅರ್ಜಿಗಳನ್ನು ನೀವು ಓದಿದಂತಿಲ್ಲ. ಊರಾದರೂ ಓದಲಿ ಎಂದು ಇಲ್ಲಿ, ಪತ್ರಿಕೆಯಲ್ಲಿ, ಬರೆಯುತ್ತಿದ್ದೇನೆ.

ನಾನು ಹತ್ತನೇ ಕ್ಲಾಸು ಮುಗಿಸಿದವನಲ್ಲ. ಒಂದು ಕಡೆ ನಿಂತು ದುಡಿದವನೂ ಅಲ್ಲ. ಕುಣಿಗಲ್ಲಿನ ಗ್ಯಾರೇಜು ಬಿಟ್ಟು, ಗುಬ್ಬಿಯ ಬೇಕರಿ ಬಿಟ್ಟು, ಈಗ ವಸಂತನರಸಾಪುರದ ಗೋದಾಮಿನಲ್ಲಿ ಲೋಡಿಂಗ್ ಮಾಡುತ್ತಿದ್ದೇನೆ. ಗುಬ್ಬಿಯಾಚೆಯ ನಮ್ಮೂರಿನಲ್ಲಿ ನಿಮ್ಮ ಸಿಗ್ನಲ್ ಸಿಗದ ಕಾರಣ, ಪೋಸ್ಟ್‌ಪೇಯ್ಡ್ ಸಂಪರ್ಕ ಮುಚ್ಚಿಸಲು ನಿಮ್ಮ ತುಮಕೂರಿನ ಅಂಗಡಿಗೆ ಬಂದೆ. ಕೊನೆಯ ಬಿಲ್ಲು ಕಟ್ಟಿದೆ. ಕೌಂಟರಿನಲ್ಲಿದ್ದ ಕಿರಣ್‌ಕುಮಾರ್ ಸಿಮ್ಮನ್ನು ಕತ್ತರಿಯಿಂದ ಎರಡು ತುಂಡು ಮಾಡಿ, "ಮುಗೀತು ಗುರು, ಆರಾಮಾಗಿ ಹೋಗು" ಎಂದ. ಹೋದೆ. ಕಣ್ಣೆದುರೇ ಕತ್ತರಿಸಿದ್ದು ಕಂಪ್ಯೂಟರಿನೊಳಗೆ ಉಸಿರಾಡುತ್ತಿರುತ್ತದೆ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ. ಬಹುಶಃ ಅದು ನಾನು ಬಿಟ್ಟ ಮೇಲಿನ ಪಾಠ.

ಆಮೇಲೆ ನೀವು ಮಾಡಿದ್ದನ್ನು ಮೆಚ್ಚಲೇಬೇಕು. ಸಂಪರ್ಕ ಮುಚ್ಚಲು ನನ್ನ ಒಪ್ಪಿಗೆ ಕೇಳುವ ಸಂದೇಶವನ್ನು ಆ ಕತ್ತರಿಸಿದ ಸಿಮ್ಮಿಗೇ ಕಳಿಸಿದಿರಿ. ಉತ್ತರ ಬರಲಿಲ್ಲ. ಆದ್ದರಿಂದ ಮುಂದುವರಿಯಲು ನಾನು ಒಪ್ಪಿದ್ದೇನೆಂದು ತೀರ್ಮಾನಿಸಿ, ತಿಂಗಳು ತಿಂಗಳೂ ಬಿಲ್ಲು ಏರಿಸುತ್ತಾ ಹೋದಿರಿ. ಹೆಣದ ಕಿವಿಯಲ್ಲಿ ಪ್ರಶ್ನೆ ಕೇಳಿ, ಸುಮ್ಮನಿದ್ದುದಕ್ಕೆ ದಂಡ ಹಾಕುವ ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ಸ್ವಾಮಿ? ಅಲ್ಲಿ ಸೀಟಿಗೆ ಸಾಲ ಸುಲಭವಾಗಿ ಸಿಗುತ್ತದೆಯೇ?

ಕಿರಣ್‌ಕುಮಾರ್ ಹೆಬ್ಬೂರಿನವನು. ಕೇಳಿದರೆ, "ನೀನು ಮುಚ್ಚು ಅಂತ ಹೇಳ್ಲೇ ಇಲ್ಲ" ಎಂದುಬಿಟ್ಟ. ನಮ್ಮ ಕಡೆ ಇಂಥ ವ್ಯಾಜ್ಯಕ್ಕೆ ಒಂದು ದಾರಿಯಿದೆ: ದೇವರ ಮುಂದೆ ಉರಿಯುವ ಕರ್ಪೂರವನ್ನು ಕೈಯಿಂದ ಆರಿಸಿ ಆಣೆ ಮಾಡುವುದು. ಅವನ ಊರಿನ ಮಾರಮ್ಮನ ಗುಡಿಗೇ ಹೋದೆವು. ನಾನು ಆರಿಸಿದೆ. ಅವನ ಸರದಿ ಬಂದಾಗ ಬೆವರತೊಡಗಿದ.

"ಬುಡು ಗುರು, ಕಂಪ್ನಿ ವಿಷ್ಯಕ್ಕೆ ಅಮ್ಮನ್ನ ಯಾಕೆ ಎಳೀತೀಯಾ?"

"ಸುಳ್ಳಲ್ಲ ಅಂದ್ರೆ ಆರ್ಸು ಕಣ್ಲಾ."

"ನಂಗೂ ಮಗು ಐತೆ ಕಣೋ."

ಕಟ್ಟೆಯ ಮೇಲೆ ಕೂತಿದ್ದ ಹಿರಿಯರಾದ ಸದಾಶಿವಯ್ಯ ನಕ್ಕು, "ಇನ್ನೇನ್ಲಾ ಬೇಕು ನಿಂಗೆ? ತೀರ್ಮಾನ ಆಯ್ತಲ್ಲ!" ಎಂದರು. ಹೆಬ್ಬೂರಿಗೆ ಆಯಿತು. ನಿಮಗೆ ಆಗಲಿಲ್ಲ. ನಡೆದುದನ್ನು ಬರೆದು ಕಳಿಸಿದರೆ, ಸೂಕ್ತ ದಾಖಲೆ ಲಗತ್ತಿಸಿ ಎಂದು ಉತ್ತರಿಸಿದಿರಿ. ಏನನ್ನು ಲಗತ್ತಿಸಲಿ, ಮಾರಮ್ಮನ ಆಧಾರ್ ಕಾರ್ಡನ್ನೇ?

ಅಪ್ಪನಿಗೆ ವಯಸ್ಸು ಮೀರಿದ್ದರಿಂದ ತಂಗಿಯ ಸಾಲಕ್ಕೆ ಜೊತೆ ಸಹಿ ನನ್ನದು. ಅದಕ್ಕೇ ಬ್ಯಾಂಕಿನವರು ನನ್ನ ಸಾಲ-ಬಾಕಿಗಳ ಚರಿತ್ರೆ ತೆಗೆದರು; ನಿಮ್ಮ ಬಾಕಿ ಕಂಡು ಅರ್ಜಿ ತಡೆದರು. ಆಗ ನಿಮ್ಮ ವಸೂಲಿಯವಳು ಫೋನು ಮಾಡಿದಳು: ಬಾಕಿ ನನ್ನದೇ ಎಂದು ಒಪ್ಪಿ ಸಹಿ ಹಾಕಿ, ಅರ್ಧ ಕಟ್ಟಿದರೆ ಎಲ್ಲವೂ ಸರಿಹೋಗುತ್ತದಂತೆ. ನಾನು ಒಲ್ಲೆನೆಂದೆ. ಮಾನಸಾ ಅಳಲಿಲ್ಲ, ಕೂಗಲೂ ಇಲ್ಲ. "ನಿನ್ನ ಸತ್ಯ ನಿಂಗೆ ಇರ್ಲಿ ಬುಡಣ್ಣ. ನಂಗೂ ನಾಳೆಯಿಂದ ನಿನ್ ಗೋದಾಮಲ್ಲೇ ಒಂದು ಕೆಲ್ಸ ನೋಡು" ಎಂದಳು, ಅಷ್ಟೇ.

ಸಹಿ ಹಾಕಿದೆ.

ಈಗ ನನ್ನ ಹೆಸರಿನ ಮುಂದೆ 'ಸೆಟಲ್ಡ್' ಎಂದಿದೆ. ಕುಣಿದುಕೊಂಡು ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಮೇಡಂ ಪ್ರೇಮಲತಾ ಕಂಪ್ಯೂಟರ್ ನೋಡಿ, "ಸೆಟಲ್ಡ್ ಅಂದ್ರೆ ಪೂರ್ತಿ ಕಟ್ದೆ ರಾಜಿ ಆದೋನು ಅಂತ ಕಣಪ್ಪ. ಮೊದ್ಲಾದ್ರೆ ತಕರಾರು ಅನ್ಬಹುದಿತ್ತು. ಈಗ ನೀನೇ ಒಪ್ಕೊಂಡಿದೀಯಲ್ಲ" ಎಂದರು. ಮಾನಸಾ ನನ್ನ ಮುಖ ನೋಡಲಿಲ್ಲ. ಸಹಿ ಹಾಕಿಸಿದ್ದು ತನ್ನ ಮಾತೇ ಎಂಬ ಯೋಚನೆಯಲ್ಲಿ ಬಸ್ಸಿನುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಮಾನ್ಯರೇ, ನನ್ನನ್ನು ಕಳ್ಳನನ್ನಾಗಿ ಮಾಡಿದ್ದನ್ನು ಮರೆಯಬಲ್ಲೆ. ಹದಿನೆಂಟರ ಹುಡುಗಿಯ ತಲೆಯ ಮೇಲೆ ಆ ಪಾಪ ಹೊರಿಸಿದ್ದನ್ನು ಮರೆಯಲಾರೆ.

ನನ್ನ ಬೇಡಿಕೆ ಇಷ್ಟೇ. ಆ ಒಪ್ಪಿಗೆ ಸುಳ್ಳು. ಅದನ್ನು ರದ್ದು ಮಾಡಿ. ನನ್ನ ಹೆಸರಿನ ಮುಂದಿನ ಕಳಂಕ ಅಳಿಸಿ. ಈ ಮನುಷ್ಯ ಎಂದೂ ಬಾಕಿ ಉಳಿಸಿಕೊಂಡಿರಲಿಲ್ಲವೆಂದು ಈ ತಿಂಗಳೊಳಗೆ ಬ್ಯಾಂಕಿಗೆ ಬರೆಯಿರಿ. ನಿಮಗೆ ಪುರುಸೊತ್ತಾಗುವುದು ಸೀಟು ಹೋದ ಮೇಲೇ ಎಂದಾದರೆ, ನನಗೆ ಉತ್ತರ ಬೇಡ. ಮಾನಸಾಳಿಗೆ ಬರೆಯಿರಿ. ತಪ್ಪು ನಿನ್ನದಲ್ಲಮ್ಮ, ನಮ್ಮದು ಎಂದು ಬರೆಯಿರಿ. ನಾನು ಹೇಳಿದರೆ ನಂಬುತ್ತಿಲ್ಲ.

ಇಂತಿ,
ಆಡಿದ ಒಂದೇ ಸುಳ್ಳೂ ದಕ್ಕದವನು,
ರಂಗನಾಥ್, ಗುಬ್ಬಿ ತಾಲ್ಲೂಕು