ಎಂಟನೆಯ ಮುಖ

ಮಂಗಳವಾರ, ಮಧ್ಯಾಹ್ನ

ಪೂಜ್ಯ ಅತ್ತೆಯವರ ಪಾದಗಳಿಗೆ (ಎಡಗಾಲಿಗೆ ತುಸು ಮೆಲ್ಲಗೆ) ನಿಮ್ಮ ದೊಡ್ಡ ಗಂಟಲಿನ ಸೊಸೆ ಮಾಡುವ ನಮಸ್ಕಾರಗಳು.

ಇದು ಕ್ಷಮಾಪಣೆ ಪತ್ರ. ಹಾಗೆಂದು ನಾನು ಹೇಳುತ್ತಿಲ್ಲ, ನಿಮ್ಮ ಮಗ ಹೇಳಿದ್ದಾರೆ. ಹೇಳಿದ್ದಾರೆ ಎಂದರೆ ಬಾಯಿಬಿಟ್ಟಲ್ಲ. ನಿಮ್ಮ ಮನೆತನದ ಪದ್ಧತಿಯಂತೆ ಊಟದ ಮೇಜಿನ ಮೇಲೆ ಒಂದು ಬಿಳಿ ಹಾಳೆ, ಅದರ ಮೇಲೆ ಪೆನ್ನು, ಪಕ್ಕದಲ್ಲಿ ನಿಮ್ಮ ಮಗಳ ಮನೆಯ ವಿಳಾಸ ಬರೆದ ಲಕೋಟೆ ಇಟ್ಟು, ಎರಡು ಸಲ ಕೆಮ್ಮಿ ಸ್ನಾನಕ್ಕೆ ಹೋದರು. ಮದುವೆಯಾದ ಹೊಸದರಲ್ಲಾಗಿದ್ದರೆ ಆ ಕೆಮ್ಮಿಗೆ ಬಿಸಿನೀರು ಕಾಯಿಸಿ ಕೊಡುತ್ತಿದ್ದೆ. ಈಗ ಕಲಿತಿದ್ದೇನೆ: ಒಂದು ಕೆಮ್ಮೆಂದರೆ ಬೇಸರ, ಎರಡೆಂದರೆ ಆಜ್ಞೆ.

ಆಜ್ಞೆಯನ್ನು ಪಾಲಿಸುವ ಮೊದಲು ಅಪರಾಧವನ್ನು ನೋಡೋಣ. ನಿಮ್ಮ ಮಗಳು ಅದನ್ನು ಬಂಧುಬಳಗಕ್ಕೆಲ್ಲ ವರ್ಣಿಸಿದ್ದಾಳಂತೆ. ಆದರೆ ಅವಳು ವೈದ್ಯರ ಕೋಣೆಯಲ್ಲಿರಲಿಲ್ಲ, ನಾನಿದ್ದೆ.

ಹೋದ ವಾರ ಬಚ್ಚಲಲ್ಲಿ ದಡಾರೆಂದು ಸದ್ದಾಯಿತು. ಓಡಿ ಬಂದು ಬಾಗಿಲು ಬಡಿದರೆ, ಒಳಗಿನಿಂದ "ಏನಿಲ್ಲ ಕಣೆ, ಬಕೆಟ್ ಬಿತ್ತು" ಎಂದಿರಿ. ಬಕೆಟ್ ಬಿದ್ದರೆ "ಅಮ್ಮಾ" ಅನ್ನುವುದಿಲ್ಲ ಅತ್ತೆ, ಅದು ಎಷ್ಟೇ ಸಂಸ್ಕಾರವಂತ ಬಕೆಟ್ ಆದರೂ. ಅಂದಿನಿಂದ ನೀವು ತಿಂಡಿ ತಿಂದದ್ದು ನಿಂತು, ಪೇಪರ್ ಓದಿದ್ದು ಬಾಗಿಲ ಚೌಕಟ್ಟಿಗೆ ಒರಗಿ. ಕೇಳಿದರೆ, ಕೂತು ಕೂತು ಬೇಜಾರು ಎಂಬ ಉತ್ತರ. ಕೊನೆಗೆ ಶುಕ್ರವಾರ, ನನ್ನ ಕಣ್ಣು ತೋರಿಸಬೇಕು, ಜೊತೆಗೆ ಬನ್ನಿ ಎಂದು ಸುಳ್ಳು ಹೇಳಿ ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ದೆ. ಅಪರಾಧಗಳ ಪಟ್ಟಿಯಲ್ಲಿ ನಿಮ್ಮ ಮಗಳು ಇದನ್ನು ಬಿಟ್ಟಿದ್ದಾಳೆ. ಸೇರಿಸಿಕೊಳ್ಳಲಿ.

ಆ ವೈದ್ಯರಿಗೆ ನಮ್ಮ ಭಾಷೆ ಬಾರದು, ನಿಮಗೆ ಅವರದು ಬಾರದು. ನಡುವೆ ನಾನು. ಅವರ ಕಡೆಯ ಜನ ಬಾಯಲ್ಲಿ ಬಂದದ್ದನ್ನೇ ನಂಬುತ್ತಾರೆ. ನೋವಿಲ್ಲ ಎಂದರೆ ನೋವಿಲ್ಲ. ಹಿರಿಯರ ಮಾತನ್ನು ಅನುಮಾನಿಸದಿರುವುದೇ ಅವರಿಗೆ ಮರ್ಯಾದೆ. ನಿಮಗೆ ಮರ್ಯಾದೆ ಎಂದರೆ ಪರಪುರುಷನ ಮುಂದೆ ಸೊಂಟದ ಸಮಾಚಾರ ಎತ್ತದಿರುವುದು. ಎದುರಿನವರೇ ಮುಖ ನೋಡಿ ತಿಳಿದುಕೊಳ್ಳಬೇಕು. ಹೀಗೆ ಇಬ್ಬರು ಮರ್ಯಾದಸ್ಥರು ಎದುರುಬದುರು ಕೂತರೆ, ನಡುವೆ ಮೂಳೆ ಮುರಿದು ಬಿದ್ದಿದ್ದರೂ ಯಾರೂ ಎತ್ತಿಕೊಳ್ಳುವುದಿಲ್ಲ.

ಅವರು ಒಂದು ಹಲಗೆಯನ್ನು ಮುಂದಿಟ್ಟರು. ಹತ್ತು ಮುಖಗಳ ಚಿತ್ರ. ಒಂದನೆಯದು ನಗುತ್ತಿದೆ, ಹತ್ತನೆಯದು ಬಿಕ್ಕಿ ಬಿಕ್ಕಿ ಅಳುತ್ತಿದೆ. ನಿಮ್ಮ ನೋವು ಯಾವುದೋ ತೋರಿಸಿ ಎಂದರು. ನೀವು ಮೇಜಿನ ಅಂಚನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಹಣೆಯ ಬೆವರು ಒರೆಸಿಕೊಂಡು, ಬಲಗೈ ಬೆರಳನ್ನು ನಗುವ ಮುಖದ ಮೇಲೆ ಇಟ್ಟಿರಿ. ಆ ಮುಖಕ್ಕೂ ನಿಮ್ಮ ಮುಖಕ್ಕೂ ದೂರದ ಸಂಬಂಧವೂ ಇರಲಿಲ್ಲ. ವೈದ್ಯರು ಸಂತೋಷದಿಂದ ಮಾತ್ರೆಯ ಚೀಟಿ ಎಳೆದುಕೊಂಡರು. ಆಗ ನಾನು ನನ್ನ ಬೆರಳನ್ನು ಎಂಟನೆಯ ಮುಖದ ಮೇಲೆ ಇಟ್ಟೆ. ನೀವು ನನ್ನನ್ನು ನೋಡಿದ ನೋಟಕ್ಕೆ ಆ ಹಲಗೆಯಲ್ಲಿ ಚಿತ್ರವಿರಲಿಲ್ಲ.

ಎಕ್ಸ್-ರೇಯಲ್ಲಿ ಸೊಂಟದ ಮೂಳೆ ಸೀಳು ಬಿಟ್ಟಿತ್ತು. ಇವತ್ತೇ ಸೇರಿಕೊಳ್ಳಿ, ಆಪರೇಷನ್ ಆಗಬೇಕು, ಮೂಳೆ ಜರುಗಿದರೆ ಮತ್ತೆ ನಡೆಯುವುದು ಕಷ್ಟ ಎಂದರು. ನೀವು ಒಪ್ಪಲಿಲ್ಲ. ಕಾಲೂರಬೇಡಿ ಎಂದು ಅವರು ಕೊಟ್ಟ ಊರುಗೋಲನ್ನು ಛತ್ರಿಯಂತೆ ಕಂಕುಳಲ್ಲಿಟ್ಟುಕೊಂಡು ನಡೆದೇ ಹೊರಟಿರಿ. ಟ್ಯಾಕ್ಸಿಯಲ್ಲಿ ಕಿಟಕಿಯ ಗಾಜಿಗೆ, "ಕೆಲವರಿಗೆ ದೇವರು ಬಾಯಿ ಕೊಡಬಾರದಿತ್ತು" ಎಂದಿರಿ. ಗಾಜು ಉತ್ತರಿಸಲಿಲ್ಲ, ಅದು ನಿಮ್ಮ ಕಡೆಯದು. ನೇರ ಮಗಳ ಮನೆಗೆ ಹೋಗಿ ಇಳಿದಿರಿ.

ಮಾರನೆಯ ದಿನ ನಾದಿನಿಯ ಫೋನು. "ಅತ್ತಿಗೆ, ಅಮ್ಮ ಒಂದು ಅಂದ್ರೆ ನೀವು ಎಂಟು ಅಂದ್ರಂತೆ. ಮಾನ ಹೋಯ್ತು ಅಂತ ಅಳ್ತಿದಾರೆ. ಆಪರೇಷನ್ನೂ ಬೇಡ್ವಂತೆ."

"ಮೂಳೆ ಏನಂದಿದೆ ಅಂತ ಹೇಳಿದ್ರಾ?" ಎಂದೆ.

"ಮೂಳೆ ವಿಷಯ ಬೇರೆ. ಮೊದ್ಲು ನೀವು ತಪ್ಪಾಯ್ತು ಅನ್ನಿ."

ಅತ್ತೆ, ತಪ್ಪಾಗಿಲ್ಲ. ಹೇಗೆಂದು ಕೇಳಿ.

ನನ್ನ ತವರಿನಲ್ಲಿ ಸೊಳ್ಳೆ ಕಚ್ಚಿದರೆ ಒಂಬತ್ತು. ನಮ್ಮಪ್ಪ ಉಗುರು ಕತ್ತರಿಸಿಕೊಳ್ಳುವಾಗ ಕೂಗಿದ್ದಕ್ಕೆ ಪಕ್ಕದ ಮನೆಯವರು ಏಣಿ ಹಾಕಿ ಇಣುಕಿದ್ದುಂಟು. ಅಲ್ಲಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಕಳೆಯಬೇಕು. ನಿಮ್ಮ ಮನೆಯಲ್ಲಿ ಹೇಳಿದ್ದಕ್ಕೆ ಕೂಡಿಸಬೇಕು. ಬಂದ ಹೊಸದರಲ್ಲಿ ನನಗೆ ಕಳೆಯುವುದಷ್ಟೇ ಗೊತ್ತಿತ್ತು. ಕೂಡಿಸುವುದನ್ನು ಕಲಿಸಿದ್ದು ನೀವೇ. ಅಡುಗೆ ಚೆನ್ನಾಗಿದೆ ಎಂದು ನೀರಿಗೆ ಕೈ ಚಾಚಿದರೆ ಉಪ್ಪು ಹೆಚ್ಚು. ನಿನ್ನಿಷ್ಟ ಎಂದರೆ ಖಂಡಿತ ಬೇಡ. ಯಾರನ್ನೂ ಕೇಳದೆ, ಬೈಸಿಕೊಳ್ಳದೆ (ನೀವು ಬೈಯುವುದೂ ಇಲ್ಲವಲ್ಲ) ಇದನ್ನೆಲ್ಲ ಕಲಿತ ನನಗೆ ಯಾವ ಪದವಿಯನ್ನೂ ಯಾರೂ ಕೊಡಲಿಲ್ಲ. ಆದ್ದರಿಂದ ಶುಕ್ರವಾರ ನಾನು ನಿಮ್ಮ ಮಾತನ್ನು ತಿರುಚಲಿಲ್ಲ. ವೈದ್ಯರ ಭಾಷೆಗೆ ತಂದೆ, ಅಷ್ಟೆ. ನಿಮ್ಮ ಒಂದು ಅಂದರೆ ಅಲ್ಲಿ ಹತ್ತು. ನಿಮ್ಮ ಮರ್ಯಾದೆಗೆಂದು ಎರಡು ಕಡಿಮೆ ಮಾಡಿಯೇ ತೋರಿಸಿದ್ದೇನೆ.

ಮಾವನವರ ಮಾತು ಈ ಮನೆಯಲ್ಲಿ ಎತ್ತುವಂತಿಲ್ಲ. ನಾನು ಎತ್ತುತ್ತೇನೆ. ಅವರು ಆ ದಿನ ಎದೆ ಸವರಿಕೊಂಡು, "ಸ್ವಲ್ಪ ಒರಗ್ತೀನಿ, ಟೀವಿ ಸದ್ದು ಕಡಿಮೆ ಮಾಡಿ" ಎಂದರು. ನಾವು ಟೀವಿ ಸದ್ದು ಕಡಿಮೆ ಮಾಡಿದೆವು. ಅವರು ಏಳಲಿಲ್ಲ. ಬಂದವರೆಲ್ಲ, ಯಾರಿಗೂ ತೊಂದರೆ ಕೊಡದೆ ಹೋದ ಪುಣ್ಯಾತ್ಮ ಎಂದು ಕೊಂಡಾಡಿದರು. ನನಗಂತೂ ಅವರು ತೊಂದರೆ ಕೊಟ್ಟಿದ್ದರೆ ಚೆನ್ನಾಗಿತ್ತು. ಮನೆಯವರನ್ನೆಲ್ಲ ಎಬ್ಬಿಸಿ, ಬೀದಿ ಸೇರಿಸಿ, ಊರಿಗೇ ತೊಂದರೆ ಕೊಟ್ಟು, ಇವತ್ತು ನಿಮ್ಮ ಪಕ್ಕದಲ್ಲಿ ಕೂತಿದ್ದರೆ ಚೆನ್ನಾಗಿತ್ತು.

ಅದಕ್ಕೇ ಕ್ಷಮೆ ಕೇಳುವುದಿಲ್ಲ. ನೀವು ಇನ್ನೊಂದು ಸಲ ಬೀಳಬೇಡಿ. ಬಿದ್ದರೆ ನಾನು ಇನ್ನೊಂದು ಸಲ ಎಂಟು ಎನ್ನುವವಳೇ.

ವೈದ್ಯರನ್ನು ಕಾಡಿ ಬೇಡಿ ಈ ಗುರುವಾರ ಬೆಳಿಗ್ಗೆ ನಿಮಗೆ ಜಾಗ ಉಳಿಸಿದ್ದೇನೆ. ಟ್ಯಾಕ್ಸಿ ಹೇಳಿಯಾಗಿದೆ. ಏಳು ಗಂಟೆಗೆ ನಿಮ್ಮ ಮಗಳ ಮನೆಯ ಕೆಳಗೆ ಇರುತ್ತೇನೆ. ಲಿಫ್ಟಿನಲ್ಲಿ ನೀವು ಇಳಿದು ಬಂದರೆ ಸರಿ. ಇಲ್ಲವಾದರೆ, ನನ್ನ ಕೆಲಸ ಏನೆಂಬುದನ್ನು ನಿಮ್ಮ ಮಗಳಿಗೆ ನೆನಪಿಸಿ. ದಿನವಿಡೀ ರೈಲು ನಿಲ್ದಾಣದ ಮೈಕಿನ ಮುಂದೆ ಕೂರುವವಳು ನಾನು. ಮೈಕ್ ಕೆಟ್ಟ ದಿನವೂ ಯಾರಿಗೂ ರೈಲು ತಪ್ಪಿಲ್ಲ. ಬೀದಿಯಲ್ಲಿ ನಿಂತು, "ದಯವಿಟ್ಟು ಗಮನಿಸಿ, ಎರಡನೇ ಮಹಡಿಯಿಂದ ಹೊರಡಬೇಕಾದ ಅತ್ತೆಯವರು ಸೊಂಟದ ಕಾರಣ ತಡವಾಗಿ ಚಲಿಸುತ್ತಿದ್ದಾರೆ" ಎಂದು ಶುರುಮಾಡಿದರೆ, ಮಾನದ ವಿಷಯ ಆಮೇಲೆ ನನ್ನ ಕೈಯಲ್ಲಿಲ್ಲ.

ಆದರೂ ಒಂದು ರಾಜಿ. ಆಸ್ಪತ್ರೆಯಲ್ಲಿ ನೀವು ಬಾಯಿ ಬಿಡುವುದೇ ಬೇಡ. ನನ್ನ ಕೈ ಹಿಡಿದುಕೊಳ್ಳಿ. ನೀವು ಹಿಸುಕಿದಷ್ಟನ್ನು ನಾನು ಹೇಳುತ್ತೇನೆ. ಒಂದು ಗುಲಗಂಜಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಇಂತಿ,
ಬಾಯಿ ಇರುವ,
ನಿಮ್ಮ ಸೊಸೆ

ಮರೆಯುವ ಮುನ್ನ: ಇಷ್ಟು ಬರೆದು ಮುಗಿಸುವಷ್ಟರಲ್ಲಿ ನಿಮ್ಮ ಮಗ ಬಂದು ಹಾಳೆ ತೆಗೆದುಕೊಂಡು, ನಿಂತಲ್ಲೇ ಓದಿದರು. ಮಾವನವರ ಜಾಗ ಬಂದಾಗ ಕುರ್ಚಿ ಎಳೆದುಕೊಂಡು ಕೂತರು. ನಾನು ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೆ. ಅವರು ಹಾಳೆಯನ್ನು ಮತ್ತೆ ನನ್ನ ಮುಂದಿಟ್ಟು, "ನಂಗೆ ಭಯ ಆಗ್ತಿದೆ ಅಂತ ಅಮ್ಮಂಗೆ ಬರಿ. ನಾನೇ ಹೇಳ್ದೆ ಅಂತ ಬರಿ" ಎಂದರು. ಬರೆದಿದ್ದೇನೆ. ಓದಿದ ಮೇಲೆ ಇದನ್ನು ಹರಿದು ಹಾಕಬೇಕಂತೆ. ಹರಿಯಬೇಡಿ, ಅತ್ತೆ.